ಅತ್ತೆಗೆ ಮಾತು ಮರಳಿದ ವರ್ಷ

ನಮ್ಮ ಕಡೆಯ ಕನ್ನಡ ಸಂಘದವರು ಪ್ರತಿ ವರ್ಷ ಒಂದು ವಿಶೇಷಾಂಕ ತರುತ್ತಾರೆ. ಅದರಲ್ಲಿ ಮುಕ್ಕಾಲು ಭಾಗ ಜಾಹೀರಾತು, ಉಳಿದ ಕಾಲು ಭಾಗ ಅಧ್ಯಕ್ಷರ ಫೋಟೊ. ಈ ಸಲ ಸಂಪಾದಕರಿಗೆ ಹೊಸ ಹುಚ್ಚು ಹಿಡಿದಿತ್ತು. ಸದಸ್ಯರೆಲ್ಲ ‘ಈ ವರ್ಷ ಬದುಕು ನನಗೆ ಕಲಿಸಿದ ಪಾಠ’ ಎಂದು ಬರೆಯಬೇಕಂತೆ, ಒಂದು ಪುಟ ಮೀರಬಾರದಂತೆ, ಓದಿದವರಿಗೆ ಉತ್ಸಾಹ ಬರಬೇಕಂತೆ. ನನಗೂ ಫೋನು ಬಂತು. ನಿಮ್ಮ ಮನೆಯಲ್ಲಿ ಇಷ್ಟೆಲ್ಲ ಆಯಿತಲ್ಲ, ನೀವು ಬರೆದರೆ ನಾಲ್ಕು ಜನಕ್ಕೆ ಉಪಯೋಗ ಎಂದರು. ಇಷ್ಟೆಲ್ಲ ಆದದ್ದರಲ್ಲಿ ತಮ್ಮ ಪಾಲು ಎಷ್ಟಿತ್ತು ಎಂಬುದನ್ನು ಅವರು ಪೂರ್ತಿ ಮರೆತಿದ್ದರು. ಆಗಲಿ, ಬರೆಯುತ್ತೇನೆ ಎಂದೆ. ಬರೆದದ್ದು ಇದು. ಅವರಿಗೆ ಕಳಿಸಿಲ್ಲ. ಒಂದು ಪುಟ ಮೀರಿದೆ, ಉತ್ಸಾಹ ಬರುವ ಲಕ್ಷಣವೂ ಇಲ್ಲ.

ನಾನು ಗದಗದ ಕಡೆಯವಳು, ಗಂಡನ ಮನೆಯವರು ಉಡುಪಿ ಕಡೆಯವರು. ಇಬ್ಬರೂ ಕನ್ನಡದವರೇ, ಇನ್ನೇನು ತೊಂದರೆ ಎಂದು ಮದುವೆಯಲ್ಲಿ ಎಲ್ಲರೂ ಸಂತೋಷಪಟ್ಟಿದ್ದರು. ಮರಾಠಿ ನಾಡಿನ ಠಾಣೆ ಪಟ್ಟಣಕ್ಕೆ, ವರ್ತಕ ನಗರದ ಈ ಮನೆಗೆ ಬಂದು ನೋಡಿದರೆ ಒಳಗೆ ನಡೆಯುವುದೆಲ್ಲ ತುಳು. ಮಾವ ಅತ್ತೆಯೊಡನೆ ತುಳು, ಅತ್ತೆ ನನ್ನೊಡನೆ ಕನ್ನಡ. ನನ್ನ ಗಂಡ ಹುಟ್ಟಿ ಬೆಳೆದದ್ದು ಠಾಣೆಯಲ್ಲೇ ಆದ್ದರಿಂದ ಯಾರು ಯಾವ ಭಾಷೆಯಲ್ಲಿ ಕೇಳಿದರೂ ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ಮಾವನದು ನಾಲ್ಕು ರಸ್ತೆ ಕೂಡುವ ನಾಕಾದ ಹತ್ತಿರ ಒಂದು ಸಸ್ಯಾಹಾರಿ ಹೋಟೆಲು. ವಯಸ್ಸಾದರೂ ಬೆಳಗಿನಿಂದ ಮಧ್ಯಾಹ್ನ ಮೂರರವರೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಅವರೇ ಕೂರಬೇಕು. ಗಂಡ ಐರೋಳಿಯ ಕಂಪನಿಗೆ ಹೋಗುತ್ತಾರೆ, ನಾನು ಕಲ್ಯಾಣದ ಒಂದು ವಿಮಾ ಕಚೇರಿಗೆ. ಮಗಳು ಪುಣೆಯಲ್ಲಿ ಓದುತ್ತಿದ್ದಾಳೆ. ಹೀಗಾಗಿ ಹಗಲು ಹೊತ್ತು ಮನೆಯಲ್ಲಿ ಇರುತ್ತಿದ್ದವರು ಅತ್ತೆ ಒಬ್ಬರೇ.

ಜನವರಿಯಲ್ಲಿ, ಸಂಕ್ರಾಂತಿಯ ನಂತರದ ವಾರ, ಅತ್ತೆ ಅಡುಗೆಮನೆಯಲ್ಲಿ ಕುಸಿದು ಬಿದ್ದರು. ಮೆದುಳಿಗೆ ರಕ್ತ ಹೋಗುವುದು ನಿಂತು ಲಕ್ವಾ ಹೊಡೆದಿತ್ತು. ಬಲಗೈ ಬಲಗಾಲು ಸೋತವು. ಮಾತು ಪೂರ್ತಿ ಹೋಯಿತು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಬಾಯಿಂದ ಮಾತ್ರ ಏನೂ ಬರುತ್ತಿರಲಿಲ್ಲ. ಡಾಕ್ಟರು ಸುತ್ತಿ ಬಳಸದೆ ಹೇಳಿದರು: ನಡೆಯುವುದು ಬರುತ್ತದೆ, ಮಾತು ಹೇಳಲಾಗದು. ಮೊದಲ ವರ್ಷದಲ್ಲಿ ಬಂದಷ್ಟು ಬಂತು, ಆಮೇಲೆ ಬರುವುದು ಕಷ್ಟ. ಆದ್ದರಿಂದ ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಅತ್ತೆ ಇನ್ನು ಮಾತಾಡುತ್ತಾರೋ, ಇಲ್ಲವೋ.

ಮೊದಲ ಪಾಠ ಫೆಬ್ರವರಿಯೊಳಗೇ ಆಯಿತು. ಮನೆಯಲ್ಲಿ ಒಬ್ಬರ ಮಾತು ನಿಂತರೆ ಊರಿನವರಿಗೆಲ್ಲ ಮಾತು ಬರುತ್ತದೆ. ಒಬ್ಬರು ನಾಲಿಗೆಗೆ ಸವರಲು ಬಜೆ ತಂದರು, ಒಬ್ಬರು ತಲೆಗೆ ಎಣ್ಣೆ ತಂದರು, ಒಬ್ಬರು ಏನೂ ತರದೆ ತಮ್ಮ ಚಿಕ್ಕಮ್ಮ ಹೀಗೇ ಬಿದ್ದು ಹೇಗೆ ತೀರಿಕೊಂಡರು ಎಂಬುದನ್ನು ಅತ್ತೆಯ ಎದುರಿಗೇ ವಿವರವಾಗಿ ಹೇಳಿ ಕಾಫಿ ಕುಡಿದು ಹೋದರು. ಖಾರಘರ್‌ನಲ್ಲಿರುವ ನನ್ನ ನಾದಿನಿ ಎರಡು ವಾರಕ್ಕೊಮ್ಮೆ ಒಂದು ಡ್ರ್ಯಾಗನ್ ಹಣ್ಣು ಹಿಡಿದುಕೊಂಡು ಬರುತ್ತಿದ್ದಳು. ಹೆಗಲ ಮೇಲಿನ ಚೀಲವನ್ನೂ ಇಳಿಸದೆ ನಿಂತುಕೊಂಡು, ಎಲ್ಲ ಮನಸ್ಸಿನಲ್ಲಿದೆ ಅಮ್ಮಾ, ನೀನು ಪಾಸಿಟಿವ್ ಆಗಿರಬೇಕು ಎನ್ನುತ್ತಿದ್ದಳು. ಆಮೇಲೆ ಟ್ರಾಫಿಕ್ಕು ಶುರುವಾಗುವುದರೊಳಗೆ ಹೊರಡುತ್ತಿದ್ದಳು. ಆ ಹಣ್ಣಿಗೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಅತ್ತೆ ಬಾಯಿ ತೆರೆಯುತ್ತಿರಲಿಲ್ಲ, ನಾವೇ ತಿಂದು ಮುಗಿಸುತ್ತಿದ್ದೆವು.

ಸಂಘದವರು ನಾಲ್ಕು ಜನ ಒಟ್ಟಿಗೆ ಬಂದರು. ಅವರು ತಂದದ್ದು ಸಣ್ಣ ಮಕ್ಕಳ ಅಕ್ಷರಮಾಲೆಯ ಪಟ. ಅ ಎಂದರೆ ಅರಸ, ಆ ಎಂದರೆ ಆನೆ. ಭಾನುವಾರದ ಕನ್ನಡ ತರಗತಿಗೆ ಮಕ್ಕಳು ಬರುವುದು ನಿಂತು ವರ್ಷಗಳಾಗಿದ್ದವು, ಪಟ ಕಪಾಟಿನಲ್ಲಿ ಸುಮ್ಮನೆ ಬಿದ್ದಿತ್ತು, ಉಪಯೋಗವಾಗಲಿ ಎಂದು ತಂದಿದ್ದರು. ಕನ್ನಡವೇ ಅಮ್ಮನ ನಾಲಿಗೆಯ ಮೇಲೆ ಮತ್ತೆ ನಲಿಯುತ್ತದೆ ಎಂದು ಅಧ್ಯಕ್ಷರು ವೇದಿಕೆಯ ದನಿಯಲ್ಲಿ ಹೇಳಿದರು. ಪಕ್ಕದಲ್ಲಿ ಅವರ ಮೊಮ್ಮಗ ಫೋನು ಒತ್ತುತ್ತ ಕೂತಿದ್ದ. ಅವನನ್ನು ಎಷ್ಟನೆಯ ಕ್ಲಾಸು ಎಂದು ಕೇಳಿದೆ, ಹಿಂದಿಯಲ್ಲಿ ಹೇಳಿದ. ಪಟವನ್ನು ಅತ್ತೆಯ ಮಂಚದ ಎದುರು ಗೋಡೆಗೆ ಅವರೇ ಅಂಟಿಸಿದರು. ನನ್ನ ಅತ್ತೆ ಆ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದವರು, ವಾರಪತ್ರಿಕೆಯ ಧಾರಾವಾಹಿ ಒಂದು ಕಂತೂ ಬಿಟ್ಟವರಲ್ಲ. ಅವರು ಅರಸನನ್ನೂ ಆನೆಯನ್ನೂ ನೋಡಿ, ಆಮೇಲೆ ನನ್ನ ಮುಖ ನೋಡಿದರು. ಸಂಘದವರು ಮೆಟ್ಟಿಲಿಳಿದ ಕೂಡಲೇ ಪಟ ಕಿತ್ತುಹಾಕಿದೆ. ಜೊತೆಗೆ ಗೋಡೆಯ ಬಣ್ಣವೂ ಕಿತ್ತು ಬಂತು.

ಘೋಡಬಂದರ್ ರಸ್ತೆಯ ಒಂದು ಕಟ್ಟಡದಲ್ಲಿ ಮಾತಿನ ಚಿಕಿತ್ಸೆ ಮಾಡುವ ಹುಡುಗಿಯೊಬ್ಬಳಿದ್ದಳು. ಮೆಟ್ರೊ ಕೆಲಸದ ಧೂಳು ಕುಡಿಯುತ್ತ, ರಿಕ್ಷಾದಲ್ಲಿ ಅತ್ತೆಯನ್ನು ಒರಗಿಸಿಕೊಂಡು ವಾರಕ್ಕೆ ಎರಡು ಸಲ ಹೋಗುತ್ತಿದ್ದೆವು. ಮೊದಲ ದಿನವೇ ಅವಳು ಒಂದು ಪ್ರಶ್ನೆ ಕೇಳಿದಳು. ಬೆಳಗಿನಿಂದ ಸಂಜೆಯವರೆಗೆ ಇವರು ಅತಿ ಹೆಚ್ಚು ಮಾತಾಡುತ್ತಿದ್ದದ್ದು ಯಾರ ಜೊತೆ, ಯಾವ ಭಾಷೆಯಲ್ಲಿ? ತುಳು ಎಂದರು ಮಾವ. ಕನ್ನಡ ಎಂದರು ನನ್ನ ಗಂಡ, ಹಿಂದಿಯಲ್ಲಿ. ಅಪ್ಪ ಮಗ ಅಲ್ಲೇ ವಾದಕ್ಕೆ ನಿಂತರು. ಹುಡುಗಿ ಸ್ವಲ್ಪ ಹೊತ್ತು ಕಾದು, ಯಾವುದು ಬರುತ್ತದೋ ಅದು ಬರಲಿ, ಒತ್ತಾಯ ಮಾಡಬೇಡಿ ಎಂದಳು. ಇಬ್ಬರಿಗೂ ಅದು ಕೇಳಿಸಲಿಲ್ಲ. ಹೊರಗೆ ಬಂದ ಮೇಲೆ ಮಾವ, ಈ ಹುಡುಗಿಗೆ ಮದುವೆಯಾಗಿದೆಯಾ, ಎಲ್ಲಿ ಕಲಿತದ್ದಂತೆ ಎಂದು ವಿಚಾರಿಸಿದರು.

ಆಗ ರಂಗಕ್ಕೆ ಬಂದವರು ಅತ್ತೆಯ ಅಣ್ಣ. ಉಡುಪಿ ಹತ್ತಿರದ ಊರಿನಲ್ಲಿ ಹೆಡ್ಮಾಸ್ತರಾಗಿ ನಿವೃತ್ತರಾದವರು. ನಿವೃತ್ತಿ ಶಾಲೆಯಿಂದ ಮಾತ್ರ, ಮಾಸ್ತರಿಕೆಯಿಂದಲ್ಲ. ದಿನಾ ಬೆಳಗ್ಗೆ ಮೂಗಿನ ಹೊಳ್ಳೆ ಮಾತ್ರ ಕಾಣುವಂತೆ ಫೋನು ಹಿಡಿದು ವಿಡಿಯೊ ಕಾಲ್ ಮಾಡುತ್ತಿದ್ದರು. ಅವರಿಗೆ ಯಾರೋ ಹೇಳಿದ್ದರಂತೆ, ಹತ್ತು ಭಾಷೆ ಕಿವಿಗೆ ಬಿದ್ದರೆ ಪೆಟ್ಟಾದ ಮೆದುಳಿಗೆ ಗೊಂದಲವಾಗುತ್ತದೆ, ಒಂದೇ ಭಾಷೆ ಕೇಳಿಸಬೇಕು, ಅದು ಹಾಲು ಕುಡಿದ ಭಾಷೆಯೇ ಆಗಿರಬೇಕು ಎಂದು. ಅಲ್ಲಿಗೆ ಆಜ್ಞೆ ಹೊರಟಿತು. ಮನೆಯಲ್ಲಿ ಇನ್ನು ತುಳು ಮಾತ್ರ. ಟಿ.ವಿ.ಯ ಮರಾಠಿ ಧಾರಾವಾಹಿ ಬಂದ್. ನಾನು ಕೂಡ ಅತ್ತೆಯನ್ನು ತುಳುವಿನಲ್ಲೇ ಮಾತಾಡಿಸಬೇಕು. ಗದಗದ ನಾಲಿಗೆಯಲ್ಲಿ ‘ಒಣಸ್ ಆಂಡಾ’ ಎಂದು ಊಟ ಆಯಿತೇ ಎಂದು ಕೇಳುವಾಗ, ಎರಡು ನಿಮಿಷ ಮುಂಚೆ ಊಟ ಮಾಡಿಸಿದವಳೂ ನಾನೇ ಆಗಿರುತ್ತಿದ್ದೆ. ಮಾವ ಮನೆಯಲ್ಲಿ ಇದ್ದಾಗ ಮಾತ್ರ ಈ ನಾಟಕ ಆಡುತ್ತಿದ್ದೆ.

ಆಜ್ಞೆಯ ಇನ್ನೊಂದು ಭಾಗ ಎದುರು ಮನೆಯ ಕಾಕುವಿಗೆ ಸಂಬಂಧಿಸಿದ್ದು. ಕಾಕು ಎಂದರೆ ಚಿಕ್ಕಮ್ಮ, ಕಟ್ಟಡದವರೆಲ್ಲ ಕರೆಯುವುದೇ ಹಾಗೆ. ಮರಾಠಿಯವರು, ಅತ್ತೆಯ ವಾರಿಗೆಯವರು, ಗಂಡ ತೀರಿಕೊಂಡು ಬಹಳ ವರ್ಷವಾಗಿದೆ. ಅಲ್ಲಿಯವರೆಗೆ ಅವರು ಬಾಗಿಲು ಮುಚ್ಚಿದ್ದನ್ನು ನಾನು ನೋಡಿಯೇ ಇರಲಿಲ್ಲ. ಹೊಸ್ತಿಲ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತು, ಯಾರ ಮನೆಗೆ ಸಿಲಿಂಡರ್ ಬಂತು, ಯಾರ ಸೊಸೆ ಎಷ್ಟು ಹೊತ್ತಿಗೆ ಬಂದಳು ಎಂಬ ಹಾಜರಿ ತೆಗೆದುಕೊಳ್ಳುವುದೇ ಅವರ ಕೆಲಸ. ದನಿ ಎಷ್ಟು ದೊಡ್ಡದೆಂದರೆ ಅವರ ಗುಟ್ಟಿನ ಮಾತು ಎರಡು ಮಹಡಿ ಕೆಳಗೆ ಕೇಳಿಸುತ್ತದೆ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಈಗಲೂ ಅಷ್ಟಕ್ಕಷ್ಟೆ. ಅತ್ತೆಗೆ ಹುಷಾರಿಲ್ಲದಾದ ಮೇಲೆ ದಿನಾ ಬಂದು ಕೂರುತ್ತಿದ್ದರು. ಸ್ವಲ್ಪ ದಿನ ಬರಬೇಡಿ, ಮರಾಠಿ ಕೇಳಿದರೆ ಇವಳ ಮೆದುಳಿಗೆ ತೊಂದರೆ ಎಂದು ಮಾವ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳಿದರು. ಮರಾಠಿ ಬೇಡ ಎನ್ನುವುದನ್ನು ಅವರು ಹೇಳಿದ್ದು ಎಂಥ ಸೊಗಸಾದ ಮರಾಠಿಯಲ್ಲಿ! ಕಾಕು ಹಿಂತಿರುಗಿ ಹೋಗಿ, ಆ ದಿನ ಮೊದಲ ಸಲ ತಮ್ಮ ಬಾಗಿಲು ಹಾಕಿಕೊಂಡರು.

ಪಾಠ ಶುರುವಾಯಿತು. ಬೆಳಗ್ಗೆ ಹೋಟೆಲಿಗೆ ಹೊರಡುವ ಮುಂಚೆ ಮಾವ ಮಂಚದ ಪಕ್ಕ ನಿಂತು ಲೋಟ ಎತ್ತಿ ಹಿಡಿದು, ನೀರ್, ಪನ್ಲ, ನೀರ್ ಎನ್ನುತ್ತಿದ್ದರು. ನೀರು ಎಂದು ಹೇಳು, ಅಷ್ಟೆ. ಅತ್ತೆ ಹೇಳದಿದ್ದರೆ ದನಿ ಏರಿಸುತ್ತಿದ್ದರು. ಅತ್ತೆಯ ಕಿವಿಗೆ ಏನೂ ಆಗಿರಲಿಲ್ಲ. ಬಾಯಾರಿದವರಿಗೆ ನೀರು ಕೊಡದೆ ಪರೀಕ್ಷೆ ಮಾಡುವುದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು. ಮಾವ ಮೆಟ್ಟಿಲಿಳಿದ ಮೇಲೆ ನಾನು ಸುಮ್ಮನೆ ನೀರು ಕುಡಿಸುತ್ತಿದ್ದೆ. ಮೊದಮೊದಲು ಅತ್ತೆ ಏನೋ ದನಿ ಹೊರಡಿಸುತ್ತಿದ್ದರು, ತುಟಿ ಕೂಡಿಸುತ್ತಿದ್ದರು. ಮೇ ತಿಂಗಳ ಹೊತ್ತಿಗೆ ಅದೂ ನಿಂತಿತು. ಫೋನಿನಲ್ಲಿ ಅಣ್ಣನ ಮೂಗು ಕಂಡ ಕೂಡಲೇ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಇವರು ಪ್ರಯತ್ನವನ್ನೇ ಬಿಡುತ್ತಿದ್ದಾರೆ, ಹೀಗಾದರೆ ಕಷ್ಟ ಎಂದು ಚಿಕಿತ್ಸೆಯ ಹುಡುಗಿ ಹೇಳಿದಳು. ಪ್ರಯತ್ನ ಸಾಲದು ಎಂದು ಮಾವ ಅರ್ಥ ಮಾಡಿಕೊಂಡು ಸಂಜೆಯೂ ಒಂದು ಪಾಠ ಸೇರಿಸಿದರು.

ಜುಲೈನಲ್ಲಿ ಒಂದು ದಿನ ಮಳೆ ಹಿಡಿದುಕೊಂಡಿತು. ಹಗಲು ಅತ್ತೆಯನ್ನು ನೋಡಿಕೊಳ್ಳಲು ಬರುತ್ತಿದ್ದ ಆಯಾ ಬರಲಿಲ್ಲ. ಮಾವನಿಗೆ ಗಲ್ಲಾಪೆಟ್ಟಿಗೆ ಬಿಟ್ಟಿರಲಾಗದು, ಗಂಡನಿಗೆ ಮೀಟಿಂಗು, ನನಗೆ ಕಚೇರಿಯಲ್ಲಿ ಆಡಿಟ್ಟು. ಬೇರೆ ದಾರಿಯಿಲ್ಲದೆ ಕಾಕುವಿನ ಬಾಗಿಲು ತಟ್ಟಿದೆ. ಬರುತ್ತೇನೆ, ಆದರೆ ಬಂದು ಯಾವ ಭಾಷೆಯಲ್ಲಿ ಕೂರಲಿ ಎಂದು ಕೇಳಿದರು. ನಿಮಗೆ ಯಾವುದು ಬರುತ್ತದೋ ಅದರಲ್ಲಿ ಕೂರಿ ಎಂದು ಹೇಳಿ ರೈಲು ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಹಳಿಯ ಮೇಲೆ ನೀರು ಬಂದು ಲೋಕಲ್ ನಿಂತಿತು. ಕಲ್ಯಾಣದಿಂದ ಬಸ್ಸು, ರಿಕ್ಷಾ, ಕೊನೆಗೆ ನಡಿಗೆ, ಹೀಗೆ ಮನೆ ಮುಟ್ಟುವಾಗ ಸಂಜೆಯಾಗಿತ್ತು. ಮಾವ ಇನ್ನೂ ಹೋಟೆಲಿನಲ್ಲೇ ಸಿಕ್ಕಿಕೊಂಡಿದ್ದರು.

ಒಳಗೆ ಟಿ.ವಿ.ಯಲ್ಲಿ ನಿಷೇಧವಾದ ಧಾರಾವಾಹಿ ನಡೆಯುತ್ತಿತ್ತು. ಕಾಕು ಕುರ್ಚಿಯಲ್ಲಿ ಕೂತು ಮಂಚದ ಅಂಚಿಗೆ ಕಾಲು ಚಾಚಿದ್ದರು. ಪಕ್ಕದ ತಟ್ಟೆಯಲ್ಲಿ ಭಾಕರಿಯ, ಅಂದರೆ ನಮ್ಮ ಜೋಳದ ರೊಟ್ಟಿಯ ತುಣುಕು, ಹಸಿಮೆಣಸಿನ ಚಟ್ನಿ. ಅತ್ತೆಯ ಗದ್ದದ ಮೇಲೂ ಅದೇ ಚಟ್ನಿ. ನಮ್ಮ ಕಟ್ಟಡದ ಬಿ ವಿಂಗಿನ ಒಬ್ಬಳು ಸೊಸೆ ತನ್ನ ಅತ್ತೆಯ ಫ್ರಿಜ್ಜಿಗೆ ಬೀಗ ಹಾಕಿಸಿದ ಕತೆಯನ್ನು ಕಾಕು ಹೇಳುತ್ತಿದ್ದರು. ಬೀಗದ ಕೈಯನ್ನು ಅವಳು ಕುತ್ತಿಗೆಗೆ ಕಟ್ಟಿಕೊಂಡು ಓಡಾಡುತ್ತಾಳೆ ಎನ್ನುವಲ್ಲಿಗೆ ಬಂದಾಗ ಅತ್ತೆ ಹೇಳಿದರು, “ಅಗ ಬಾಯಿ.”

ಮರಾಠಿ ಹೆಂಗಸರು ಆಶ್ಚರ್ಯವಾದಾಗ ಹೇಳುವ ಮಾತು, ನಾವು ಅಯ್ಯೋ ದೇವರೇ ಎಂದ ಹಾಗೆ. ಸ್ಪಷ್ಟವಾಗಿ, ಎಳೆದು, ಕೊಂಚ ಸಂತೋಷದಿಂದಲೇ ಹೇಳಿದರು. ಕಾಕು ಅದನ್ನು ಗಮನಿಸಲೇ ಇಲ್ಲ, ಕತೆ ಮುಂದುವರಿಸಿದರು. ನಾನು ಛತ್ರಿಯಿಂದ ನೀರು ಸುರಿಸುತ್ತ ಬಾಗಿಲಲ್ಲೇ ನಿಂತೆ. ಅಳು ಬಂತು. ಅದರ ಹಿಂದೆಯೇ ಸಿಟ್ಟು ಬಂತು. ಮನೆತನವೆಲ್ಲ ಸೇರಿ, ನಿವೃತ್ತ ಹೆಡ್ಮಾಸ್ತರರ ಮಾರ್ಗದರ್ಶನದಲ್ಲಿ, ಸಂಘದ ಸಹಕಾರದೊಂದಿಗೆ ತರಲಾರದ ಮಾತನ್ನು ಬಿ ವಿಂಗಿನ ಬೀಗ ಹಾಕುವ ಸೊಸೆ ತಂದಿದ್ದಳು.

ಎರಡನೆಯ ಪಾಠ ಇದೇ. ಚಿಕಿತ್ಸೆಯ ಹುಡುಗಿ ಕೇಳಿದ್ದ ಪ್ರಶ್ನೆಗೆ ನಮ್ಮ ಮನೆಯಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಅತ್ತೆ ತುಳುವಿನಲ್ಲಿ ಏನು ಮಾತಾಡುತ್ತಿದ್ದರು? ಊಟಕ್ಕೆ ಬನ್ನಿ, ಹಾಲು ಬಂತು, ಎಣ್ಣೆ ಮುಗಿಯಿತು. ನನ್ನೊಡನೆ ಕನ್ನಡದಲ್ಲಿ? ಕುಕ್ಕರ್ ಎಷ್ಟು ಸಲ ಕೂಗಿತು. ಉಳಿದದ್ದನ್ನೆಲ್ಲ, ಅಂದರೆ ಮಾತು ಎನ್ನಬಹುದಾದದ್ದನ್ನೆಲ್ಲ, ನಾವು ಮೂವರೂ ಹೊರಗೆ ಹೋದ ಮೇಲೆ ಎದುರು ಮನೆಯ ಹೊಸ್ತಿಲಲ್ಲಿ ಕೂತು ಮಧ್ಯಾಹ್ನದವರೆಗೆ ಆಡಿ ಮುಗಿಸುತ್ತಿದ್ದರು. ಮಾವ ಬರುವ ಹೊತ್ತಿಗೆ ಎದ್ದು ಬಂದು ಬಾಗಿಲು ತೆರೆಯುತ್ತಿದ್ದರು. ಅತ್ತೆ ಮದುವೆಯಾಗಿ ಬಂದ ವರ್ಷದಿಂದ ಹೀಗೇ ನಡೆದಿತ್ತಂತೆ. ಇನ್ನೊಂದು ಸಂಗತಿ ಆ ದಿನ ತಿಳಿಯಿತು. ಈ ಮನೆಯಲ್ಲಿ ಯಾರೂ ಜೋಳದ ರೊಟ್ಟಿ ತಿನ್ನುವುದಿಲ್ಲ ಎಂದು ಮಾವ ನನಗೆ ಮದುವೆಯಾದ ಹೊಸದರಲ್ಲೇ ಕಟ್ಟಪ್ಪಣೆ ಮಾಡಿದ್ದರು. ಅತ್ತೆ ಕಾಕುವಿನ ಮನೆಯಲ್ಲಿ ದಿನಾ ಅದನ್ನೇ ತಿನ್ನುತ್ತಿದ್ದರು.

ಸುದ್ದಿ ಹೇಳಿದೆ. ಮಾವನಿಗೆ ಸಂತೋಷವಾಗುತ್ತದೆ ಎಂದುಕೊಂಡದ್ದು ನನ್ನ ಮೂರ್ಖತನ. ಅವರ ಮುಖ ಸಣ್ಣದಾಯಿತು. ಅದು ಮಾತಲ್ಲ, ಏನೋ ಆಕಳಿಸಿರಬೇಕು ಎಂದರು. ಮರುದಿನ ಲೋಟ ಹಿಡಿದು ನಿಂತಾಗ ಅತ್ತೆ ಮತ್ತೆ ಮೌನ. ನೋಡಿದ್ಯಾ ಎಂಬಂತೆ ಮಾವ ನನ್ನ ಕಡೆ ತಿರುಗಿದರು. ಹೆಂಡತಿ ಮಾತಾಡದಿರುವುದು ಅವರಿಗೆ ದುಃಖ, ಆದರೆ ಬೇರೆಯವರೊಡನೆ ಮಾತಾಡಿದಳು ಎಂಬುದು ಅವಮಾನ. ಎರಡರಲ್ಲಿ ಅವಮಾನವೇ ದೊಡ್ಡದಾಯಿತು. ಊರಿನ ಅಣ್ಣನವರಂತೂ ಬೆಚ್ಚಿಬಿದ್ದರು.

“ಮರಾಠಿ ಬಂತಾ? ಹಾಗಾದ್ರೆ ಕೈ ಮೀರ್ತಾ ಉಂಟು,” ಎಂದರು. “ಇನ್ನು ಅಲ್ಲಿ ಇಟ್ಕೊಳ್ಳುದು ಬೇಡ. ನಾನೇ ಬಂದು ಕರ್ಕೊಂಡು ಹೋಗ್ತೇನೆ. ಇಲ್ಲಿ ತುಳು ಬಿಟ್ರೆ ಬೇರೆ ಕೇಳ್ಲಿಕ್ಕೇ ಇಲ್ಲ, ತನ್ನಿಂದ ತಾನೇ ಸರಿ ಆಗ್ತಾಳೆ.”

ಬರುವುದು ದೀಪಾವಳಿ ಕಳೆದ ಮೇಲೆ, ಕರೆದುಕೊಂಡು ಹೋದರೆ ಇನ್ನು ಅಲ್ಲೇ, ಅಣ್ಣನ ಮನೆಯಲ್ಲೇ. ಈ ತೀರ್ಮಾನ ಎಲ್ಲರಿಗೂ ಎಷ್ಟು ಬೇಗ ಹಿಡಿಸಿತೆಂದರೆ ನನಗೆ ನಾಚಿಕೆಯಾಯಿತು. ನಾದಿನಿ ಊರಿನ ಗಾಳಿಯನ್ನು ಹೊಗಳಿದಳು, ಖಾರಘರ್‌ನಿಂದ ಎರಡು ವಾರಕ್ಕೊಮ್ಮೆ ಬರುವುದು ತಪ್ಪುತ್ತದೆ ಎನ್ನಲಿಲ್ಲ. ಮಾವನ ಊಟ ಹೋಟೆಲಿನಲ್ಲೇ ಆಗುತ್ತದೆ. ಮನೆಯಲ್ಲಿ ಕೆಲಸ ಕಡಿಮೆಯಾಗಿ ನನಗೂ ಭಾನುವಾರ ಎನ್ನುವುದು ಸಿಗುತ್ತಿತ್ತು, ಅದನ್ನೇನು ಮುಚ್ಚಿಡಲಿ. ಆದರೆ ಊರಿನಲ್ಲಿ ಅತ್ತೆಯ ಗತಿ ಏನೆಂಬುದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಎಲ್ಲರೂ ಪ್ರೀತಿಯಿಂದ ನೋಡಿಕೊಳ್ಳುತ್ತಾರೆ, ಲೋಟ ಹಿಡಿದು ನಿಲ್ಲುತ್ತಾರೆ, ಇವರು ಗೋಡೆ ಕಡೆ ತಿರುಗುತ್ತಾರೆ. ವರ್ಷ ಕಳೆಯುತ್ತದೆ, ಅಲ್ಲಿಗೆ ಮಾತಿನ ಬಾಗಿಲು ಮುಚ್ಚುತ್ತದೆ. ಗಂಡನಿಗೆ ಹೇಳಿದೆ. ‘ದೇಖ್ತೇ ಹೈ’ ಎಂದರು. ಅಮ್ಮನ ಬಾಳು ಹಾಳಾಗುವುದನ್ನೂ ನೋಡೋಣ ಎನ್ನಬಲ್ಲ ಮಗನನ್ನು ಕಟ್ಟಿಕೊಂಡದ್ದು ನನ್ನ ಪುಣ್ಯ.

ನಾನು ವಾದ ಬಿಟ್ಟು ಕಳ್ಳದಾರಿ ಹಿಡಿದೆ. ಮಾವ ಹೋಟೆಲಿಗೆ ಹೋದ ಮೇಲೆ ಕಾಕು ಬರಬೇಕು, ಅವರು ಬರುವುದರೊಳಗೆ ಎದ್ದು ಹೋಗಬೇಕು ಎಂದು ಮಾತಾಯಿತು. ಆಯಾಳಿಗೂ ಹೇಳಿಟ್ಟೆ. ಕಾಕುವನ್ನು ದೇವತೆ ಮಾಡುವ ಇರಾದೆ ನನಗಿಲ್ಲ. ಅವರು ಅತ್ತೆಗೆ ಏನನ್ನೂ ಕಲಿಸಲಿಲ್ಲ. ತಮ್ಮ ಪಾಡಿಗೆ ತಾವು ಮಾತಾಡಿದರು, ನಮ್ಮ ಚಟ್ನಿಪುಡಿ ಡಬ್ಬಿ ಖಾಲಿ ಮಾಡಿದರು, ಈ ಗುಟ್ಟನ್ನು ಮಾವನೊಬ್ಬರನ್ನು ಬಿಟ್ಟು ಇಡೀ ಕಟ್ಟಡಕ್ಕೆ ಹೇಳಿದರು. ಆದರೆ ಅವರ ಮಾತಿಗೆ ಉತ್ತರ ಕೊಡದೆ ಇರುವುದು ಯಾರಿಂದಲೂ ಆಗದ ಕೆಲಸ. ಗಣಪತಿ ಹಬ್ಬದ ಹೊತ್ತಿಗೆ ಅತ್ತೆ ಬೇಡ, ಸಾಕು, ಚಹಾ, ಸುಳ್ಳು ಎನ್ನುವಷ್ಟಾದರು, ಎಲ್ಲ ಮರಾಠಿಯಲ್ಲಿ. ದಸರೆಯ ಹೊತ್ತಿಗೆ ಎರಡು ಮೂರು ಪದ ಕೂಡಿಸತೊಡಗಿದರು. ನನಗೂ ಒಂದೊಂದು ಮಾತು ಸಿಗುತ್ತಿತ್ತು. ಮಾವ ಬಂದರೆ ಮಾತ್ರ ಬಾಯಿ ಮುಚ್ಚುತ್ತಿತ್ತು. ಬೇಕೆಂದೇ ಮುಚ್ಚುತ್ತಿದ್ದರೋ, ಹೇಳುವಂಥದ್ದು ಏನೂ ಇರಲಿಲ್ಲವೋ, ನಾನು ಕೇಳಲಿಲ್ಲ.

ದೀಪಾವಳಿ ಮುಗಿಯಿತು, ಅಣ್ಣನವರು ಬಂದರು. ಮರುದಿನ ಠಾಣೆಯಿಂದ ರೈಲು. ಹಾಲ್‌ನಲ್ಲಿ ಎಲ್ಲರೂ ಸೇರಿದೆವು. ನಾದಿನಿ ರಜೆ ಹಾಕಿ ಬಂದು ಅಮ್ಮನ ಸೀರೆಗಳನ್ನು ಸೂಟ್‌ಕೇಸಿಗೆ ತುಂಬುತ್ತಿದ್ದಳು, ಇಷ್ಟು ವರ್ಷದಲ್ಲಿ ಅವಳು ಆ ಮನೆಯಲ್ಲಿ ಮಾಡಿದ ಮೊದಲ ಕೆಲಸ. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಅಣ್ಣನವರು ಎದುರು ಕೂತು ತುಳುವಿನಲ್ಲಿ ಬಹಳ ಹೊತ್ತು ಮಾತಾಡಿದರು. ಮಲ್ಲಿಗೆ ಗಿಡ ಹೇಗೆ ಹೂ ಬಿಟ್ಟಿದೆ, ಗಂಜಿಗೆ ಎಂಥ ಉಪ್ಪಿನಕಾಯಿ ಹಾಕಿಟ್ಟಿದ್ದಾರೆ, ಅವಳಿಗಾಗಿ ಯಾವ ಕೋಣೆ ಖಾಲಿ ಮಾಡಿಸಿದ್ದಾರೆ. ಪ್ರೀತಿಯಲ್ಲಿ ಸುಳ್ಳೇನೂ ಇರಲಿಲ್ಲ. ಕೊನೆಗೆ, ನಾಳೆ ಮನೆಗೆ ಹೋಗುವ ಎಂದು ತಂಗಿಯ ಕೈ ಹಿಡಿದರು.

ಅತ್ತೆ ಕೈ ಬಿಡಿಸಿಕೊಂಡರು. “ಮೀ... ನಾಹೀ ಜಾಣಾರ್,” ಎಂದರು. ಪ್ರತಿ ಪದಕ್ಕೂ ಉಸಿರು ತೆಗೆದುಕೊಂಡು, ಆದರೆ ಯಾವ ಅನುಮಾನಕ್ಕೂ ಜಾಗವಿಲ್ಲದಂತೆ.

ನಾನು ಹೋಗುವುದಿಲ್ಲ ಎಂದು. ಅಣ್ಣನವರಿಗೆ ನಿಜವಾಗಿಯೂ ಮರಾಠಿ ಬಾರದು. ಎಂತ ಹೇಳಿದ್ದು ಎಂದು ಮಾವನನ್ನು ಕೇಳಿದರು. ಆಗ ಆದದ್ದನ್ನು ನಾನು ಬದುಕಿರುವವರೆಗೆ ಮರೆಯುವುದಿಲ್ಲ. ಈ ಊರಿನಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದ ಮಾವ, ತರಕಾರಿಯವರಿಂದ ಹಿಡಿದು ಮುನ್ಸಿಪಾಲಿಟಿಯವರ ತನಕ ಎಲ್ಲರನ್ನೂ ಮರಾಠಿಯಲ್ಲಿ ಮಾತಾಡಿ ಗೆದ್ದ ಮಾವ, ಎಂತದೋ ಗೊತ್ತಾಗ್ಲಿಲ್ಲ ಎಂದರು. ಶಾಲೆಯಲ್ಲಿ ಮರಾಠಿಗೆ ಬಹುಮಾನ ತೆಗೆದುಕೊಂಡ ನಾದಿನಿ, ನೀರು ಕೇಳಿರಬೇಕು ಎಂದಳು. ನನ್ನ ಗಂಡ ಫೋನು ನೋಡತೊಡಗಿದರು. ಹೆತ್ತವಳು, ಕಟ್ಟಿಕೊಂಡವಳು ವರ್ಷವಿಡೀ ಹೆಣಗಾಡಿ ಒಂದು ವಾಕ್ಯ ಹೇಳಿದರೆ, ಅದು ಅರ್ಥವಾಗದ ಹಾಗೆ ನಟಿಸುವ ಮೂರು ಜನ. ನನಗೆ ಹೇಸಿಗೆಯಾಯಿತು, ಬೇರೆ ಪದ ಇಲ್ಲ.

“ನಾ ಬರೂದಿಲ್ಲ ಅಂದ್ರು,” ಎಂದು ಅಣ್ಣನವರಿಗೆ ಗದಗದ ಕನ್ನಡದಲ್ಲೇ ಹೇಳಿದೆ. “ಇಲ್ಲಿ ಎಲ್ಲಾರಿಗೂ ತಿಳದೈತಿ. ಬಾಯಿ ಬಿಡವಲ್ರು, ಅಷ್ಟ.”

ಅಣ್ಣನವರು ಸಿಟ್ಟಾಗಲಿಲ್ಲ. ಮಾಸ್ತರರು, ಎಷ್ಟೋ ದಡ್ಡರನ್ನು ಕಂಡವರು. ಅವಳಿಗೆ ಈಗ ಅದೆಲ್ಲ ತಿಳಿಯುವುದಿಲ್ಲ, ಅವಳ ಒಳ್ಳೆಯದಕ್ಕೆಂದೇ ನಾವೆಲ್ಲ ಕೂತು ಯೋಚನೆ ಮಾಡಿ ತೀರ್ಮಾನ ಮಾಡಿದ್ದು ಎಂದು ನನಗೆ ಸಮಾಧಾನವಾಗಿ ಬಿಡಿಸಿ ಹೇಳಿದರು. ಅವರ ಮಾತು ಮುಗಿಯುವ ಮುಂಚೆಯೇ ಅತ್ತೆ ಎಡಗೈಯಿಂದ ಕುರ್ಚಿಯ ತೋಳಿಗೆ ಹೊಡೆದರು. ಅವರು ನೋಡುತ್ತಿದ್ದದ್ದು ಅಣ್ಣನನ್ನಲ್ಲ, ಮಾವನನ್ನು.

“ಮಲಾ... ಕೋಣಿ ವಿಚಾರ್ಲಂ?”

ನನ್ನನ್ನು ಯಾರು ಕೇಳಿದರು ಎಂದು. ಈ ಸಲ ಎಂತ ಹೇಳಿದ್ದು ಎಂದು ಯಾರೂ ಕೇಳಲಿಲ್ಲ. ನಾದಿನಿ ಮಡಿಸುತ್ತಿದ್ದ ಸೀರೆಯನ್ನು ಅರ್ಧಕ್ಕೇ ಕೈಯಲ್ಲಿ ಹಿಡಿದುಕೊಂಡು ನಿಂತಳು. ನನ್ನ ಗಂಡ ಫೋನು ಕೆಳಗಿಟ್ಟು, ಅಮ್ಮ ಎಲ್ಲಿಗೂ ಹೋಗುವುದಿಲ್ಲ ಎಂದರು. ಮಾತು ಮೊಂಡಾಗಿ ಬಂತು, ಆದರೆ ಕನ್ನಡದಲ್ಲಿ ಬಂತು. ಮಾವ ಎದ್ದು ಬಾಲ್ಕನಿಗೆ ಹೋಗಿ ನಿಂತರು.

ಅಣ್ಣನವರು ಮರುದಿನ ಒಬ್ಬರೇ ರೈಲು ಹತ್ತಿದರು. ಗದಗದ ಸೊಸೆ ನನ್ನ ತಂಗಿಯ ತಲೆ ಕೆಡಿಸಿದಳು ಎಂದು ಊರಿನಲ್ಲೆಲ್ಲ ಹೇಳಿದ್ದಾರಂತೆ. ಹೇಳಲಿ. ಕಾಕುವಿನ ಬಾಗಿಲು ಮತ್ತೆ ತೆರೆದುಕೊಂಡಿತು, ಬಿ ವಿಂಗಿನ ಕತೆ ಹಗಲೆಲ್ಲ ರಾಜಾರೋಷವಾಗಿ ನಡೆಯತೊಡಗಿತು. ಮಾವ ನನ್ನೊಡನೆ ಮಾತು ಬಿಟ್ಟರು. ಅತ್ತೆಯೊಡನೆ ಮಾತಾಡಲು ಅವರಿಗೆ ದಾರಿಯೇ ಇರಲಿಲ್ಲ. ತುಳುವಿನಲ್ಲಿ ಏನಾದರೂ ಅಂದರೆ ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಲೋಟ ಹಿಡಿದು ನಿಲ್ಲುವುದನ್ನು ಅವರು ತಾವಾಗಿಯೇ ನಿಲ್ಲಿಸಿದರು. ಹೋಟೆಲಿನಿಂದ ಬಂದು ಪೇಪರು ಮುಖಕ್ಕೆ ಹಿಡಿದು ಕೂರುತ್ತಿದ್ದರು, ಪುಟ ಮಾತ್ರ ತಿರುಗುತ್ತಿರಲಿಲ್ಲ.

ಡಿಸೆಂಬರಿನ ಒಂದು ರಜೆಯ ದಿನ. ನಾನು ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಮಾವ ಹೋಟೆಲಿನಿಂದ ಬಂದು ಕೈಕಾಲು ತೊಳೆದುಕೊಂಡು, ಪೇಪರು ತೆಗೆದುಕೊಳ್ಳದೆ ಅತ್ತೆಯ ಕುರ್ಚಿಯ ಮುಂದೆ ಬಂದು ನಿಂತರು. ಆಮೇಲೆ, “ಕಾಯ್ ಪಾಹಿಜೆ ತುಮ್ಹಾಲಾ?” ಎಂದು ಕೇಳಿದರು.

ನಿಮಗೇನು ಬೇಕು ಎಂದು. ಹೋಟೆಲಿಗೆ ಬಂದು ಮೇಜಿನ ಮುಂದೆ ಕೂತ ಗಿರಾಕಿಯನ್ನು ಅವರು ಕೇಳುವುದು ಹೀಗೆಯೇ, ಇದೇ ಮರ್ಯಾದೆಯ ದನಿಯಲ್ಲಿ. ತುಳುವಿನಲ್ಲಿ ಅವರು ಹೆಂಡತಿಯನ್ನು ಎಂದೂ ಬಹುವಚನದಲ್ಲಿ ಕರೆದವರಲ್ಲ. ಏನು ಬೇಕು ಎಂದು ಕೇಳಿದ್ದನ್ನಂತೂ ಈ ಮನೆಗೆ ಬಂದಂದಿನಿಂದ ನಾನು ಕೇಳಿಲ್ಲ. ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವಸರವಿಲ್ಲದೆ ಯೋಚಿಸಿ, ಚಹಾ ಎಂದರು. ಮಾವ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿ ಅವರೆ ಬಿಡಿಸುತ್ತಲೇ ಇದ್ದೆ.

ಅವರೇ ಅಡುಗೆಮನೆಗೆ ಹೋದರು. ಡಬ್ಬಿಗಳ ಮುಚ್ಚಳ ತೆಗೆದು ಹಾಕುವ ಸದ್ದು, ಪಾತ್ರೆ ಬಿದ್ದ ಸದ್ದು, ಲೈಟರು ನಾಲ್ಕೈದು ಸಲ ಒತ್ತಿದ ಸದ್ದು ಕೇಳಿಸಿತು. ದಿನಕ್ಕೆ ಸಾವಿರ ಲೋಟ ಚಹಾ ಮಾರಿಸಿದ ಮನುಷ್ಯ ಮನೆಯ ಒಲೆ ಹಚ್ಚಲು ತಡಕಾಡುತ್ತಿದ್ದರು. ಚಹಾ ಕುದಿಯುವ ವಾಸನೆ ಬಂತು. ಆಮೇಲೆ ಕೈಯಲ್ಲಿ ಚಮಚ ಹಿಡಿದುಕೊಂಡು ಬಾಗಿಲಿಗೆ ಬಂದರು. ಎಷ್ಟೋ ದಿನಗಳ ಮೇಲೆ ನನ್ನನ್ನು ಮಾತಾಡಿಸಿದರು.

“ಅವಳಿಗೆ ಸಕ್ಕರೆ ಎಷ್ಟು?”

“ನನ್ನನ್ನ ಯಾಕ ಕೇಳ್ತೀರಿ?” ಎಂದೆ. “ಅವ್ರನ್ನ ಕೇಳ್ರಿ.”